ದ್ವಾರಕಾದಿಂದ ಪಾಲಿಕಾ ಬಜಾರಿಗೆ: ಕೈಗೆ ಸಿಗುವ ಆಟಗಳ ಹುಡುಕಾಟ

ದ್ವಾರಕಾದಲ್ಲಿದ್ದೇವೆ ಎಂದು ಊರಿಗೆ ಫೋನಿನಲ್ಲಿ ಹೇಳಿದರೆ, "ದರ್ಶನ ಚೆನ್ನಾಗಿ ಆಯ್ತಾ?" ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಇದು ಗುಜರಾತಿನ ದ್ವಾರಕೆಯಲ್ಲ, ದೆಹಲಿಯ ನೈಋತ್ಯ ಭಾಗದಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲಿ, ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ಉಪನಗರ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಮೊದಲು ಇದಕ್ಕೆ ಪಪ್ಪನ್ ಕಲಾಂ ಎಂಬ ಹೆಸರಿತ್ತು. ಈಗ ಎಲ್ಲವೂ ಸೆಕ್ಟರು ಮತ್ತು ಸಂಖ್ಯೆ. ಅಗಲವಾದ ರಸ್ತೆಗಳು, ಒಂದರ ಪಕ್ಕ ಒಂದು ಸಹಕಾರಿ ವಸತಿ ಸೊಸೈಟಿಗಳು, ಗೇಟಿನಲ್ಲಿ ರಿಜಿಸ್ಟರ್ ಹಿಡಿದ ಗಾರ್ಡು. ಸೆಕ್ಟರ್ 12ರ ಅಪಾರ್ಟ್‌ಮೆಂಟುಗಳ ನಡುವೆ ಲೋದಿ ಕಾಲದ ಒಂದು ಮೆಟ್ಟಿಲು ಬಾವಿ ಮಾತ್ರ, ಇಲ್ಲಿ ಹಿಂದೆ ಲೋಹರ್‌ಹೇಡಿ ಎಂಬ ಹಳ್ಳಿ ಇತ್ತೆಂದು ನೆನಪಿಸುತ್ತದೆ.

ಇಲ್ಲಿರುವ ಕನ್ನಡಿಗರಲ್ಲಿ ಕೇಂದ್ರ ಸರ್ಕಾರದ ನೌಕರರು, ಸೇನೆಯವರು, ಬ್ಯಾಂಕಿನವರು, ವಿಮಾನ ಕಂಪನಿಗಳವರು, ದಿನವೂ ಗುರುಗ್ರಾಮಕ್ಕೆ ಓಡಾಡುವ ಐಟಿಯವರು ಎಲ್ಲ ಇದ್ದಾರೆ. ಹೆಚ್ಚಿನವರಿಗೆ ಇದು ಮೂರು ವರ್ಷದ ಊರು, ಐದು ವರ್ಷದ ಊರು. ವರ್ಗಾವಣೆ ಬಂದರೆ ಪೆಟ್ಟಿಗೆ ಕಟ್ಟಬೇಕು. ನಾನು ಹೇಳಹೊರಟಿರುವ ವಿಷಯಕ್ಕೂ ಪೆಟ್ಟಿಗೆ ಕಟ್ಟುವ ಈ ಬದುಕಿಗೂ ಹತ್ತಿರದ ಸಂಬಂಧವಿದೆ. ವಿಷಯ ಮಕ್ಕಳದ್ದು ಎಂದು ಕಾಣಬಹುದು: ವಿಡಿಯೊ ಗೇಮುಗಳನ್ನು ಡಿಸ್ಕಿನಲ್ಲಿ ಕೊಳ್ಳಬೇಕೋ, ಡೌನ್‌ಲೋಡ್ ಮಾಡಿಕೊಳ್ಳಬೇಕೋ? ಆದರೆ ಒಂದೊಂದು ಆಟಕ್ಕೆ ಐದು ಸಾವಿರ ರೂಪಾಯಿ ಆಸುಪಾಸು ಕೊಡುವವರು ಅಪ್ಪ ಅಮ್ಮಂದಿರು. ಆ ಹಣಕ್ಕೆ ಏನು ಸಿಗುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ದ್ವಾರಕಾದ ಸೆಕ್ಟರ್ ಮಾರುಕಟ್ಟೆಗಳಲ್ಲಿ ಛೋಲೆ ಭಟೂರೆಯಿಂದ ಹಿಡಿದು ಶಾಲೆಯ ಸಮವಸ್ತ್ರದವರೆಗೆ, ಮೊಬೈಲ್ ಕವರಿನಿಂದ ಜೆರಾಕ್ಸ್‌ವರೆಗೆ ಎಲ್ಲ ಸಿಗುತ್ತದೆ. ಇಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ವಿಶ್ವವಿದ್ಯಾಲಯವಿದೆ, ಆಟವಾಡುವ ವಯಸ್ಸಿನ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ಆದರೂ ನಮ್ಮ ಸುತ್ತಿನ ಮಾರುಕಟ್ಟೆಗಳಲ್ಲಿ ಗೇಮ್ ಡಿಸ್ಕುಗಳನ್ನೇ ಮಾರುವ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಡಿಸ್ಕು ಬೇಕೆಂದರೆ ನೀಲಿ ಮಾರ್ಗದ ಮೆಟ್ರೊ ಹತ್ತಬೇಕು.

ನೀಲಿ ಮಾರ್ಗ

ಮೆಟ್ರೊ ದ್ವಾರಕಾಕ್ಕೆ ಬಂದದ್ದು 2005ರ ಡಿಸೆಂಬರ್ 31ರಂದು. ಮರು ವರ್ಷ ಸೆಕ್ಟರ್ 9ರವರೆಗೆ, 2010ರಲ್ಲಿ ಸೆಕ್ಟರ್ 21ರವರೆಗೆ ಬೆಳೆಯಿತು. ಅದಕ್ಕೆ ಮೊದಲು ಇಲ್ಲಿಂದ ಕನಾಟ್ ಪ್ಲೇಸಿಗೆ ಹೋಗುವುದೆಂದರೆ ಬಸ್ಸು ಹಿಡಿದು ಅರ್ಧ ದಿನ ಕಳೆಯುವ ಕೆಲಸ. ಈಗ ರೈಲು ಬದಲಿಸದೆ ಒಂದು ಗಂಟೆಯೊಳಗೆ ರಾಜೀವ್ ಚೌಕ್ ತಲುಪಬಹುದು.

ಈ ಸಲ ನನ್ನ ಜೊತೆಗಿದ್ದವನು ನಮ್ಮ ಸೊಸೈಟಿಯ ಒಂಬತ್ತನೆಯ ತರಗತಿಯ ಹುಡುಗ. ಅವರದು ಕಲಬುರಗಿ ಕಡೆಯ ಮನೆತನ. ಅವನ ಅಪ್ಪನಿಗೆ ಜಬಲ್ಪುರಕ್ಕೆ ವರ್ಗವಾಗಿದೆ. ಅವನ ಕಪಾಟಿನಲ್ಲಿ ಹದಿನಾಲ್ಕು ಡಿಸ್ಕುಗಳಿವೆ. ಅವುಗಳಲ್ಲಿ ಎಷ್ಟನ್ನು ಒಯ್ಯಬೇಕು, ಎಷ್ಟನ್ನು ಮಾರಬೇಕು, ಮುಂದೆ ಕೊಳ್ಳುವ ಯಂತ್ರದಲ್ಲಿ ಡಿಸ್ಕ್ ಹಾಕುವ ಜಾಗ ಇರಬೇಕೋ ಬೇಡವೋ ಎಂಬುದು ಆ ಮನೆಯ ಸದ್ಯದ ಚರ್ಚೆ. ಅವನ ತಾಯಿಯ ವಾದ ನೇರವಾಗಿತ್ತು: "ಪ್ರತಿ ಟ್ರಾನ್ಸ್‌ಫರ್‌ಗೂ ಪೆಟಗಿ ಕಟ್ಟಾಕಿ ನಾನ್ರಿ. ಪುಸ್ತಕ ಅದಾವ, ಭಾಂಡೆ ಅದಾವ, ಅದರ ಮ್ಯಾಲೆ ಇವನ ಡಿಸ್ಕ್ ಬ್ಯಾರೆ. ಡೌನ್‌ಲೋಡ್ ಆದ್ರ ಭಾರ ಇಲ್ಲ, ಒಡೆಯೂ ಚಿಂತಿ ಇಲ್ಲ." ಹುಡುಗನ ಉತ್ತರವೂ ಅಷ್ಟೇ ನೇರ: "ಅಂಕಲ್, ಡೌನ್‌ಲೋಡ್ ಮಾಡಿದ್ದನ್ನ ಕಲಬುರಗಿ ಅಣ್ಣಗ ಹೆಂಗ ಕೊಡಲಿ?"

ಈ ಎರಡು ಮಾತುಗಳ ನಡುವೆಯೇ ಇಡೀ ವಿಷಯ ಅಡಗಿದೆ. ರೈಲು ಉತ್ತಮ್ ನಗರ, ತಿಲಕ್ ನಗರ, ರಾಜೌರಿ ಗಾರ್ಡನ್ ದಾಟಿ, ಒಂದು ಕಾಲಕ್ಕೆ ದಕ್ಷಿಣದವರು ಹೆಚ್ಚಾಗಿ ನೆಲೆಸಿದ್ದ ಕರೋಲ್ ಬಾಗನ್ನೂ ದಾಟಿ, ಆರ್.ಕೆ. ಆಶ್ರಮ ಮಾರ್ಗದ ನಂತರ ನೆಲದೊಳಕ್ಕೆ ಇಳಿಯುತ್ತದೆ. ಮುಂದಿನದೇ ರಾಜೀವ್ ಚೌಕ್.

ನೆಲದಡಿಯ ಬಜಾರು

ಪಾಲಿಕಾ ಬಜಾರ್ ಇರುವುದು ಕನಾಟ್ ಪ್ಲೇಸಿನ ನೆಲದ ಕೆಳಗೆ. ಈಗ ಅದಿರುವ ಜಾಗದಲ್ಲಿ ಹಿಂದೆ ಹೆಸರಾಂತ ಕಾಫಿ ಹೌಸ್ ಇತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅದನ್ನು ಕೆಡವಿದರು. ಎಪ್ಪತ್ತರ ದಶಕದ ಕೊನೆಗೆ ಈ ಹವಾನಿಯಂತ್ರಿತ ಬಜಾರು ಬಂತು. ಮೆಟ್ಟಿಲಿಳಿದರೆ ಸಂಖ್ಯೆ ಬರೆದ ಸಣ್ಣ ಸಣ್ಣ ಅಂಗಡಿಗಳು ವೃತ್ತಾಕಾರದಲ್ಲಿ ಕೂತಿವೆ. ಬಟ್ಟೆ, ಬೆಲ್ಟು, ವಾಚು, ಇಯರ್‌ಫೋನು, ಇವುಗಳ ನಡುವೆ ಗೇಮಿನ ಅಂಗಡಿಗಳು. ಒಮ್ಮೆ ಸುತ್ತು ಹಾಕಿದರೆ ಎಲ್ಲಿಂದ ಬಂದಿರಿ ಎಂಬುದು ಮರೆತುಹೋಗುತ್ತದೆ. ಹೊಸಬರು ಇಳಿಯುವಾಗ ಗೇಟಿನ ಸಂಖ್ಯೆ ನೋಡಿಟ್ಟುಕೊಳ್ಳಿ.

ಇಲ್ಲಿಯ ವ್ಯಾಪಾರದ ರೀತಿ ನೋಡಬೇಕು. ಹುಡುಗ ಚೀಲದಿಂದ ಡಿಸ್ಕುಗಳನ್ನು ತೆಗೆದ. ಅಂಗಡಿಯವನು ಒಂದೊಂದನ್ನೇ ಅಂಚಿನಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ವಾಲಿಸಿ ಗೀರು ನೋಡಿದ. ಫುಟ್‌ಬಾಲ್ ಆಟದ ಹಳೆಯ ವರ್ಷದ ಡಿಸ್ಕನ್ನು ಪಕ್ಕಕ್ಕೆ ತಳ್ಳಿದ. ಪ್ರತಿ ವರ್ಷ ಹೊಸದು ಬರುವುದರಿಂದ ಅದಕ್ಕೆ ಬೆಲೆ ಇಲ್ಲ. ಕಥೆ ಇರುವ ಸಾಹಸದ ಆಟಗಳಿಗೆ ಮಾತ್ರ ಬೆಲೆ ನಿಲ್ಲುತ್ತದಂತೆ. ಚೌಕಾಸಿ ನಡೆಯಿತು. ಕೊನೆಗೆ ಐದು ಡಿಸ್ಕು ಕೊಟ್ಟು ಹುಡುಗ ಎರಡು ಬೇರೆ ಡಿಸ್ಕನ್ನೂ ಸ್ವಲ್ಪ ಹಣವನ್ನೂ ಪಡೆದ. ಯಾವ ಖಾತೆ, ಯಾವ ಪಾಸ್‌ವರ್ಡ್, ಯಾರ ಅನುಮತಿ ಎಂಬ ಪ್ರಶ್ನೆಯೇ ಬರಲಿಲ್ಲ. ಹಳೆ ಪುಸ್ತಕದಂಗಡಿಯಲ್ಲಿ ನಡೆಯುವಷ್ಟೇ ಸಹಜವಾಗಿ ವಸ್ತು ಕೈ ಬದಲಾಯಿತು.

ಆದರೆ ಡಿಸ್ಕಿನ ಕಾಲವನ್ನು ಚಿನ್ನದ ಕಾಲವೆಂದು ಹೊಗಳುವವರು ಪಾಲಿಕಾದ ಇನ್ನೊಂದು ಮುಖವನ್ನೂ ನೆನೆಯಬೇಕು. ಪ್ಲೇಸ್ಟೇಷನ್ 2ರ ಕಾಲದಲ್ಲಿ ಇಲ್ಲಿ ಬಿಕರಿಯಾಗುತ್ತಿದ್ದ ಡಿಸ್ಕುಗಳಲ್ಲಿ ನಕಲಿಗಳ ರಾಶಿಯೇ ಇತ್ತು. ಯಂತ್ರದೊಳಗೆ ಚಿಪ್ ಹಾಕಿಸಿ, ನಕಲು ಡಿವಿಡಿ ಓಡಿಸುವುದು ಎಲ್ಲರಿಗೂ ಗೊತ್ತಿದ್ದ ವ್ಯವಹಾರ. ಕಂಪ್ಯೂಟರ್ ಆಟ ಬೇಕೆಂದರೆ ನೆಹರೂ ಪ್ಲೇಸ್. ಅಲ್ಲಿ ಮೆಟ್ಟಿಲ ಬಳಿ ನಿಂತ ಹುಡುಗರು "ಸಾಫ್ಟ್‌ವೇರ್, ಸಾಫ್ಟ್‌ವೇರ್" ಎಂದು ಮೆಲ್ಲಗೆ ಹೇಳುತ್ತ ಹಿಂಬಾಲಿಸುತ್ತಿದ್ದರು. ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿ ಹೊರಡಿಸುವ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಈ ಎರಡೂ ಹೆಸರು ಕಾಣಿಸಿಕೊಂಡಿವೆ. ಬೆಂಗಳೂರಿನವರಿಗೆ ಇದು ಹೊಸದಲ್ಲ. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಕಂಡವರು ಪಾಲಿಕಾವನ್ನು ಕೂಡಲೇ ಗುರುತಿಸುತ್ತಾರೆ. ಆಟ ಬರೆದವರಿಗೆ, ಚಿತ್ರ ಬಿಡಿಸಿದವರಿಗೆ ಆ ವ್ಯಾಪಾರದಿಂದ ಒಂದು ಪೈಸೆಯೂ ಹೋಗುತ್ತಿರಲಿಲ್ಲ.

ಈಗ ದ್ವಾರಕಾದಿಂದ ನೆಹರೂ ಪ್ಲೇಸಿಗೆ ಹೋಗುವುದೂ ಸುಲಭ. ಜನಕಪುರಿ ಪಶ್ಚಿಮದಲ್ಲಿ ಇಳಿದು, 2018ರಲ್ಲಿ ಅಲ್ಲಿಯವರೆಗೆ ಬಂದ ಮೆಜೆಂಟಾ ಮಾರ್ಗ ಹಿಡಿದು ಕಾಲ್ಕಾಜಿ ಮಂದಿರಕ್ಕೆ ಹೋದರೆ ಅಲ್ಲಿಂದ ಒಂದೇ ನಿಲ್ದಾಣ. ಆದರೆ ಆಟದ ಡಿಸ್ಕಿಗಾಗಿ ಹೋದರೆ ನಿರಾಶೆ ಖಚಿತ. ಲ್ಯಾಪ್‌ಟಾಪ್ ರಿಪೇರಿ, ಗ್ರಾಫಿಕ್ಸ್ ಕಾರ್ಡು, ಕೀಬೋರ್ಡು ಎಲ್ಲ ಇದೆ. ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕ್ ಹಾಕುವ ಡ್ರೈವೇ ಇಲ್ಲ, ಇನ್ನು ಡಿಸ್ಕು ಯಾರಿಗೆ ಬೇಕು?

ಡಿಸ್ಕು ಸೊರಗಿದ ಬಗೆ

ಇದು ಒಂದೇ ದಿನದಲ್ಲಿ ಆದದ್ದಲ್ಲ. 2003ರ ಸೆಪ್ಟೆಂಬರಿನಲ್ಲಿ ವಾಲ್ವ್ ಎಂಬ ಅಮೆರಿಕನ್ ಕಂಪನಿ ಸ್ಟೀಮ್ ಎಂಬ ಸೇವೆ ಶುರುಮಾಡಿತು. ಮರು ವರ್ಷ ಬಂದ 'ಹಾಫ್-ಲೈಫ್ 2' ಆಟವನ್ನು ಅಂಗಡಿಯಲ್ಲಿ ಡಿಸ್ಕಾಗಿ ಕೊಂಡರೂ ಸ್ಟೀಮಿನಲ್ಲಿ ಖಾತೆ ತೆರೆದು ನೋಂದಾಯಿಸಲೇಬೇಕಿತ್ತು. ಆಟ ಡಬ್ಬಿಯಿಂದ ಖಾತೆಗೆ ಸರಿದದ್ದು ಅಲ್ಲಿಂದಲೇ ಎನ್ನಬಹುದು. ಬರಬರುತ್ತ ಕಂಪ್ಯೂಟರ್ ಆಟದ ಡಬ್ಬಿಯೊಳಗೆ ಡಿಸ್ಕೂ ಹೋಗಿ ಒಂದು ಚೀಟಿ ಉಳಿಯಿತು. ಚೀಟಿಯಲ್ಲಿ ಸಂಕೇತ ಸಂಖ್ಯೆ. ಒಮ್ಮೆ ಬಳಸಿದರೆ ಮುಗಿಯಿತು.

ನಮ್ಮಲ್ಲಿ ಇದು ತಡವಾಗಿ ಬಂತು. 2015ರಲ್ಲಿ ಸ್ಟೀಮ್ ರೂಪಾಯಿ ಬೆಲೆ ತೋರಿಸತೊಡಗಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಆಮೇಲೆ ಮನೆಮನೆಗೆ ಫೈಬರ್. 2021ರ ಫೆಬ್ರುವರಿ 2ರಂದು ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 39,990. ಅಂದರೆ ಡಿಸ್ಕ್ ತೂರಿಸುವ ಆ ಒಂದು ಸೀಳಿನ ಬೆಲೆ ಹತ್ತು ಸಾವಿರ. ಹಳೆ ಡಿಸ್ಕು ಕೊಂಡು ಮಾರುವ ಮನೆಯಲ್ಲಿ ಅದು ಬೇಗ ಹಿಂದೆ ಬರುತ್ತದೆ. ಬೇರೆಯವರಿಗೆ ದುಬಾರಿ.

ಡೌನ್‌ಲೋಡಿನ ಲೆಕ್ಕವನ್ನೂ ಹಾಕೋಣ. 100 ಜಿಬಿ ತೂಗುವ ಆಟ ಈಗ ಸಾಮಾನ್ಯ. 50 ಎಂಬಿಪಿಎಸ್ ಸಂಪರ್ಕವಿದ್ದರೆ ಅದು ಇಳಿಯಲು ಸುಮಾರು ನಾಲ್ಕೂವರೆ ಗಂಟೆ ಬೇಕು, 100 ಎಂಬಿಪಿಎಸ್ ಇದ್ದರೆ ಎರಡು ಗಂಟೆ ಚಿಲ್ಲರೆ. ದ್ವಾರಕಾದಲ್ಲಿ ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಆಟ ಸಿದ್ಧ. ಗ್ರಾಮದ ಅಜ್ಜಿಮನೆಯಲ್ಲಿ ಮೊಬೈಲ್ ಡೇಟಾ ನಂಬಿದರೆ ರಜೆಯೇ ಮುಗಿದೀತು.

ಡೌನ್‌ಲೋಡಿನ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ವರ್ಷಕ್ಕೆ ಹಲವು ಸಲ ರಿಯಾಯಿತಿ ಮಾರಾಟ ನಡೆಯುತ್ತದೆ. ಹಳೆಯ ಒಳ್ಳೆಯ ಆಟಗಳು ಒಂದು ಊಟದ ಬೆಲೆಗೆ ಸಿಗುತ್ತವೆ. ದ್ವಾರಕಾದ ಹುಡುಗಿಯೊಬ್ಬಳು ಕದ್ದ ಡಿಸ್ಕಿಗೆ ಕೈಹಾಕದೆ, ತನ್ನ ಕಿಸೆಗಾಸಿನಲ್ಲಿ, ಆಟ ಮಾಡಿದವರಿಗೆ ಹಣ ತಲುಪಿಸಿ ಆಡಬಹುದು. ಡಿಸ್ಕಿನ ಖರ್ಚಿಲ್ಲದ್ದರಿಂದ ಇಬ್ಬರು ಮೂವರೇ ಸೇರಿ ಮಾಡಿದ ಸಣ್ಣ ಆಟವೂ ಜಗತ್ತಿಗೆ ತಲುಪುತ್ತದೆ. ಪಾಲಿಕಾದಂಥ ಜಾಗಕ್ಕೆ ಒಬ್ಬರೇ ಹೋಗಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವೇನಲ್ಲ.

ಕೊಂಡದ್ದು ಏನು?

ತೊಂದರೆ ಇರುವುದು 'ಕೊಳ್ಳಿ' ಎಂಬ ಗುಂಡಿಯಲ್ಲಿ. ಅದನ್ನು ಒತ್ತಿದಾಗ ಸಿಗುವುದು ಆಟವಲ್ಲ, ಆಡುವ ಪರವಾನಗಿ. ಸ್ಟೀಮಿನ ಒಪ್ಪಂದದ ಪ್ರಕಾರ ಖಾತೆಯನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಅದೇ ಸ್ಟೀಮ್ ಕುಟುಂಬದ ಆರು ಜನರವರೆಗೆ ಆಟ ಹಂಚಿಕೊಳ್ಳುವ ಸೌಲಭ್ಯ ಕೊಟ್ಟಿದೆ, ನಿಜ. ಆದರೆ ಅದು ಒಂದೇ ಮನೆಯಲ್ಲಿ ಇರುವವರಿಗೆಂದು ಮಾಡಿದ ಏರ್ಪಾಡು. ಸೋದರತ್ತೆಯ ಮಗ, ಚಿಕ್ಕಪ್ಪನ ಮಗ ಎಲ್ಲರೂ ಅಣ್ಣ ತಮ್ಮಂದಿರೇ ಆಗಿರುವ ನಮ್ಮ ಕುಟುಂಬ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದಲೇ ಕಲಬುರಗಿ ಅಣ್ಣನ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಅಂಗಡಿಯೇ ಮುಚ್ಚಿದರೆ? ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳಾದ 3ಡಿಎಸ್ ಮತ್ತು ವೀ ಯುಗಳ ಆನ್‌ಲೈನ್ ಮಳಿಗೆಯನ್ನು 2023ರ ಮಾರ್ಚಿನಲ್ಲಿ ಮುಚ್ಚಿತು. ಡಿಸ್ಕಾಗಿಯೋ ಕಾರ್ಟ್ರಿಜ್ ಆಗಿಯೋ ಬಾರದೆ ಅಲ್ಲಿ ಮಾತ್ರ ಮಾರಾಟಕ್ಕಿದ್ದ ಆಟಗಳನ್ನು ಆ ಯಂತ್ರಗಳಿಗೆ ಈಗ ಹೊಸದಾಗಿ ಕೊಳ್ಳುವ ದಾರಿ ಇಲ್ಲ.

ಹಾಗಾದರೆ ಡಿಸ್ಕೇ ಭದ್ರವೇ? ಅದೂ ಪೂರ್ತಿ ನಿಜವಲ್ಲ. ಯುಬಿಸಾಫ್ಟ್ ಕಂಪನಿಯ 'ದಿ ಕ್ರೂ' ಎಂಬ ಕಾರು ಓಟದ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ರಂದು ಕಂಪನಿ ಅದರ ಸರ್ವರ್ ನಿಲ್ಲಿಸಿತು. ಆಟ ಸದಾ ಸರ್ವರಿಗೆ ಕಟ್ಟಿಕೊಂಡೇ ಓಡುತ್ತಿದ್ದುದರಿಂದ ಡೌನ್‌ಲೋಡ್ ಮಾಡಿದವರಷ್ಟೇ ಅಲ್ಲ, ಡಿಸ್ಕ್ ಕೊಂಡವರೂ ಕೈಚೆಲ್ಲಿ ಕೂತರು. ಡಿಸ್ಕು ಮೇಜಿನ ಮೇಲೆ ಲೋಟ ಇಡಲು ಮಾತ್ರ ಉಳಿಯಿತು. ಇದರಿಂದಲೇ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಹುಟ್ಟಿತು. ಯುರೋಪಿನಲ್ಲಿ ಅದರ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾ ರಾಜ್ಯ 2025ರಿಂದ ಒಂದು ಕಾನೂನು ಜಾರಿಗೆ ತಂದಿದೆ: ಕೊಡುತ್ತಿರುವುದು ಬರೀ ಪರವಾನಗಿಯಾದರೆ ಮಾರುವವರು ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲೇಬೇಕು.

ಇನ್ನೊಂದು ತುದಿಯಲ್ಲಿ, ಡೌನ್‌ಲೋಡ್ ಆದರೂ ನಿಜವಾಗಿ ನಮ್ಮದಾಗುವ ಆಟಗಳೂ ಇವೆ. ಪೋಲೆಂಡಿನ ಜಿಒಜಿ ಎಂಬ ಮಳಿಗೆ 2008ರಿಂದ ಬೀಗವಿಲ್ಲದ ಆಟಗಳನ್ನು ಮಾರುತ್ತಿದೆ. ಆಟದ ಕಡತವನ್ನು ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟರೆ, ನಾಳೆ ಆ ಮಳಿಗೆ ಇಲ್ಲದಿದ್ದರೂ ಆಟ ಓಡುತ್ತದೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಪ್ಲಾಸ್ಟಿಕ್ಕಿನ ಡಿಸ್ಕನ್ನು ಪೂಜಿಸುವ ಕಾರಣ ಕಾಣುವುದಿಲ್ಲ. ಅದರಲ್ಲಿದ್ದ ಎರಡು ಗುಣಗಳು ಮುಖ್ಯ. ಒಂದು, ಯಾರನ್ನೂ ಕೇಳದೆ ಆಡಬಹುದು. ಎರಡು, ಯಾರನ್ನೂ ಕೇಳದೆ ಇನ್ನೊಬ್ಬರ ಕೈಗೆ ಕೊಡಬಹುದು. ಈ ಎರಡು ಗುಣ ಇರುವ ಆಟ ಯಾವ ರೂಪದಲ್ಲಿದ್ದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಇವೆರಡೂ ಇಲ್ಲದಿದ್ದರೆ ಅದು ಬಾಡಿಗೆ ಮನೆ. ಬಾಡಿಗೆ ಮನೆಯಲ್ಲಿರುವುದು ನಮಗೆ ಹೊಸದೇನಲ್ಲ, ಆದರೆ ಸ್ವಂತ ಮನೆಯ ಬೆಲೆ ಕೊಟ್ಟು ಯಾರೂ ಬಾಡಿಗೆಗೆ ಇರುವುದಿಲ್ಲ.

ಗ್ರಂಥಾಲಯದಲ್ಲಿ ಇಲ್ಲದ ಆಟಗಳು

ಕೈಗೆ ಕೊಡುವುದೆಂದರೆ ಅಣ್ಣ ತಮ್ಮಂದಿರ ನಡುವೆ ಮಾತ್ರವಲ್ಲ, ತಲೆಮಾರಿನಿಂದ ತಲೆಮಾರಿಗೆ ಕೂಡ. ಪುಸ್ತಕದ ವಿಷಯದಲ್ಲಿ ನಮ್ಮ ದೇಶ ಇದನ್ನು ಬೇಗ ಯೋಚಿಸಿತು. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ತಮ್ಮ ಪ್ರತಿ ಪುಸ್ತಕದ ಪ್ರತಿಯನ್ನು ಗೊತ್ತುಪಡಿಸಿದ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಅವುಗಳಲ್ಲಿ ಒಂದು ನಮ್ಮ ದೆಹಲಿ ಪಬ್ಲಿಕ್ ಲೈಬ್ರರಿ. ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಕನ್ನಡ ಪುಸ್ತಕ ಕೂಡ ದೆಹಲಿಗೆ ಬರಬೇಕು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 1992ರ ಕಾನೂನಿನಂತೆ ವಿಡಿಯೊ ಗೇಮುಗಳನ್ನೂ ಹೀಗೆಯೇ ಸಂಗ್ರಹಿಸುತ್ತದೆ. ನಮ್ಮ ಕಾಯ್ದೆಯ ಹೆಸರಿನಲ್ಲಿರುವುದು ಪುಸ್ತಕ ಮತ್ತು ಪತ್ರಿಕೆ ಮಾತ್ರ.

ಇದರ ನಷ್ಟ ಕನ್ನಡ ನಾಡಿಗೂ ತಟ್ಟುತ್ತದೆ. ಭಾರತದ ಮೊದಲ ಆಟ ತಯಾರಿಕಾ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್ ಹುಟ್ಟಿದ್ದು 1997ರಲ್ಲಿ, ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಜಗತ್ತಿನ ಅನೇಕ ಹೆಸರಾಂತ ಆಟಗಳಲ್ಲಿ ಬೆಂಗಳೂರಿನವರ ಕೈಕೆಲಸವಿದೆ. 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆಂದು 'ದೇಸಿ ಅಡ್ಡಾ' ಎಂಬ ಆಟ ಭಾರತದಲ್ಲೇ ತಯಾರಾಯಿತು. ಅದರಲ್ಲಿ ನಮ್ಮ ಚಿನ್ನಿದಾಂಡು, ಕಬಡ್ಡಿ ಇದ್ದವು. ನಮ್ಮ ಬೀದಿಯ ಆಟವನ್ನು ನಮ್ಮವರೇ ಯಂತ್ರಕ್ಕೆ ತಂದ ಆ ಪ್ರಯತ್ನ ನೋಡಬೇಕೆಂದರೆ ಹಳೆಯ ಡಿಸ್ಕಿರುವ ಯಾರದೋ ಅಟ್ಟ ಹುಡುಕಬೇಕು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟಕ್ಕೆ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಅಷ್ಟು ಅಂಗಡಿ, ಅಷ್ಟು ಸಂಗ್ರಾಹಕರಿರುವ ದೇಶದ ಸ್ಥಿತಿಯೇ ಹೀಗೆ.

ಹೋಗುವವರಿಗೆ

ಪಾಲಿಕಾಗೆ ಶನಿವಾರ ಬೆಳಿಗ್ಗೆ ಹೋಗಿ. ಭಾನುವಾರ ಬೇಡ. ಮೊದಲು ಎರಡು ಮೂರು ಅಂಗಡಿಯಲ್ಲಿ ಬೆಲೆ ಕೇಳಿ. ಡಿಸ್ಕಿನ ಕೆಳಭಾಗವನ್ನು ಬೆಳಕಿಗೆ ಹಿಡಿದು ನೋಡಿ: ನಡುವಿನಿಂದ ಅಂಚಿನ ಕಡೆಗೆ ಹೋಗುವ ಸಣ್ಣ ಗೀರಿಗಿಂತ, ವೃತ್ತದ ಗುಂಟ ಹೋಗುವ ಗೀರು ಕೆಟ್ಟದ್ದು. ಅಂಗಡಿಯಲ್ಲೇ ಹಾಕಿ ತೋರಿಸಿ ಎಂದು ಕೇಳುವುದರಲ್ಲಿ ನಾಚಿಕೆ ಬೇಡ. ಡಬ್ಬಿಯ ಹಿಂದೆ ಇಂಟರ್ನೆಟ್ ಕಡ್ಡಾಯ ಎಂದು ಬರೆದಿದೆಯೇ ಎಂದು ಓದಿ. ನಿಂಟೆಂಡೊ ಸ್ವಿಚ್ 2ಕ್ಕೆ ಬರುವ ಕೆಲವು ಕಾರ್ಡುಗಳೊಳಗೆ ಆಟವೇ ಇರುವುದಿಲ್ಲ, ಡೌನ್‌ಲೋಡಿಗೆ ಬೇಕಾದ ಕೀಲಿ ಮಾತ್ರ. ಅದನ್ನು ಮಾರಬಹುದು, ಕೊಡಬಹುದು, ಆದರೆ ಸರ್ವರ್ ಇರುವ ತನಕ.

ಮನೆಯಲ್ಲೇ ಕೂತು ಕೊಳ್ಳುವವರು ಒಂದು ಸಣ್ಣ ನಿಯಮ ಇಟ್ಟುಕೊಳ್ಳಬಹುದು. ಒಂದು ಸಲ ಆಡಿ ಮುಗಿಸುವ ದೊಡ್ಡ ಬೆಲೆಯ ಆಟವಾದರೆ ಡಿಸ್ಕು ಕೊಳ್ಳಿ, ಮುಗಿದ ಮೇಲೆ ಮಾರಿ ಅಥವಾ ಕೊಡಿ. ವರ್ಷಗಟ್ಟಲೆ ಗೆಳೆಯರೊಂದಿಗೆ ಆನ್‌ಲೈನಿನಲ್ಲಿ ಆಡುವ ಆಟವಾದರೆ ಡೌನ್‌ಲೋಡೇ ಸಾಕು, ಅದಕ್ಕೆ ಹೇಗಿದ್ದರೂ ಸರ್ವರ್ ಬೇಕು. ಮಕ್ಕಳ ಹೆಸರಿನಲ್ಲಿ ಖಾತೆ ತೆರೆದರೆ ಅದರ ಇಮೇಲ್, ಪಾಸ್‌ವರ್ಡನ್ನು ಬ್ಯಾಂಕಿನ ಕಾಗದಗಳ ಜೊತೆಗೇ ಬರೆದಿಡಿ. ಅದರಲ್ಲಿ ಸಾವಿರಾರು ರೂಪಾಯಿ ಇದೆ.

ನಮ್ಮ ಹುಡುಗ ಹದಿನಾಲ್ಕರಲ್ಲಿ ಮೂರು ಡಿಸ್ಕನ್ನು ಮಾರದೆ ಉಳಿಸಿಕೊಂಡ. ರಜೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಅವು ಕಲಬುರಗಿಗೆ ಹೋಗುತ್ತವೆ. ಅಲ್ಲಿ ಅಣ್ಣ ಆಡಿ ಮುಗಿಸಿ, ಅವನ ಗೆಳೆಯ ಆಡಿ, ಮುಂದಿನ ವರ್ಷ ವಾಪಸು ಬಂದರೂ ಬರಬಹುದು. ಮೂರು ಡಿಸ್ಕಿನ ಭಾರವಾದರೆ ಅಡ್ಡಿಯಿಲ್ಲ ಎಂದು ಅವನ ತಾಯಿಯೂ ಒಪ್ಪಿದ್ದಾರೆ.

ಇಲ್ಲಿರುವ ಕನ್ನಡಿಗರಿಗೆ ನನ್ನದೊಂದು ಸಲಹೆ. ರಾವ್ ತುಲಾರಾಮ್ ಮಾರ್ಗದಲ್ಲಿರುವ ನಮ್ಮ ದೆಹಲಿ ಕರ್ನಾಟಕ ಸಂಘದಲ್ಲಿ ರಾಜ್ಯೋತ್ಸವಕ್ಕೋ ಯುಗಾದಿಗೋ ಎಲ್ಲರೂ ಸೇರುವಾಗ ಹಳೆ ಪುಸ್ತಕ ಮತ್ತು ಹಳೆ ಆಟಗಳನ್ನು ಬದಲಿಸಿಕೊಳ್ಳಲು ಒಂದು ಮೇಜು ಹಾಕಬಹುದು. ವರ್ಗವಾಗಿ ಹೋಗುವ ಮನೆಯ ಡಿಸ್ಕು ಹೊಸದಾಗಿ ಬಂದ ಮನೆಯ ಮಗುವಿಗೆ ಸಿಗುತ್ತದೆ. ಊರು ಗೊತ್ತಿಲ್ಲದ, ಹಿಂದಿ ಇನ್ನೂ ಬಾರದ ಆ ಮಗುವಿಗೆ ಆಟದ ಜೊತೆಗೆ ಒಬ್ಬ ಗೆಳೆಯನೋ ಗೆಳತಿಯೋ ಕೂಡ ಸಿಕ್ಕರೆ, ಅದು ಯಾವ ಡೌನ್‌ಲೋಡಿನಲ್ಲೂ ಇಲ್ಲದ ಲಾಭ.